ಕೊಲ್ಹಾಪುರ-ಬೆಂಗಳೂರು: ನಮಗೆ ಯಾವ ದಾರಿ ಲೇಸು?

ಕೊಲ್ಹಾಪುರದಿಂದ ಬೆಂಗಳೂರಿಗೆ ಹೋಗಲು ಯಾವುದು ಲೇಸು? ಬಸ್ಸೋ, ರೈಲೋ, ವಿಮಾನವೋ? ದೊಡ್ಡ ಪೇಟೆಯವರಿಗೆ ಇದು ಸಣ್ಣ ಪ್ರಶ್ನೆ. ಮೊಬೈಲು ತೆಗೆದು ನೋಡಿದರೆ ತಾಸು ಎಷ್ಟು, ರೊಕ್ಕ ಎಷ್ಟು ಎಂದು ಅದೇ ಹೇಳಿಬಿಡುತ್ತದೆ. ಆದರೆ ದಾನೋಳಿ, ಜಯಸಿಂಗಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮ್ಮಂಥ ಗಡಿಯವರಿಗೆ ಮೊಬೈಲು ಹೇಳದ ಮೂರು ಲೆಕ್ಕಗಳಿವೆ. ಒಂದು, ಮನೆಯ ಹೊಸ್ತಿಲಿನಿಂದ ಗಾಡಿ ಹತ್ತುವವರೆಗಿನ ದಾರಿ. ಎರಡು, ಕೈಯಲ್ಲಿರುವ ಗಂಟು ಮತ್ತು ಜತೆಗಿರುವ ಮುದುಕರು. ಮೂರು, ಗಡಿ ತಂಟೆ ಎದ್ದ ದಿನ ಆ ಗಾಡಿ ಓಡುತ್ತದೋ ಇಲ್ಲವೋ ಎಂಬುದು. ಈ ಮೂರನ್ನೂ ಹಿಡಿದು ಅಳೆದರೆ ಬರುವ ಉತ್ತರ ಬೇರೆ. ಆ ಉತ್ತರವಾಗಿದ್ದ ಗಾಡಿಯನ್ನೇ ನಮ್ಮ ದಾರಿಯಿಂದ ತೆಗೆದು ಐದಾರು ವರ್ಷ ಆಗುತ್ತ ಬಂತು. ಅದನ್ನು ಕೇಳುವವರಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ನಾನು ಒಕ್ಕಲುತನದವ. ದಾನೋಳಿಯಲ್ಲಿ ಕಬ್ಬು, ಕಾಯಿಪಲ್ಲೆ ಬೆಳೆಯುತ್ತೇನೆ. ಮನೆಮಾತು ತೆಲುಗು, ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದು ಕನ್ನಡ, ಸಂತೆಯಲ್ಲಿ ಆಡುವುದು ಮರಾಠಿ. ಎರಡು ಭಾಷೆಗಳಲ್ಲಿ ನಾಲ್ಕು ಸಾಲು ಕವಿತೆ ಬರೆಯುವ ಚಟವೂ ಉಂಟು. ಹೀಗಾಗಿ ಕವಿಗೋಷ್ಠಿಗೆಂದು, ನೆಂಟರ ಮದುವೆ-ಮಣ್ಣಿಗೆಂದು, ದವಾಖಾನೆಗೆಂದು ಮೂವತ್ತು ವರ್ಷಕ್ಕೂ ಮೇಲೆ ಬೆಂಗಳೂರಿನ ದಾರಿ ತುಳಿದಿದ್ದೇನೆ. ಊರಲ್ಲಿ ಯಾರಾದರೂ ಆ ಕಡೆ ಹೊರಟರೆ, "ಮಾಮಾ, ಯಾವುದ್ರಾಗ ಹೋದ್ರ ಚಲೋ ಆಕ್ಕೇತ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಕಟ್ಟೆಯ ಮೇಲೆ ಹೇಳುವುದನ್ನು ಇಂದು ಎಲ್ಲರಿಗೂ ಸೇರಿಸಿ ಹೇಳುತ್ತಿದ್ದೇನೆ.

ಎರಡು ದಾರಿ, ಎರಡು ಅಳತೆ

ಮೊದಲು ದೂರದ ಮಾತು. ಕೊಲ್ಹಾಪುರದಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಸುಮಾರು 610 ಕಿಲೋಮೀಟರ್. ಕಾಗಲ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಿಡಿದು ನೇರವಾಗಿ ಹೋಗುವ ಹೆದ್ದಾರಿ. ಹಳಬರು ಇದನ್ನು ಇಂದಿಗೂ ನಾಲ್ಕನೇ ನಂಬರಿನ ರಸ್ತೆ ಎನ್ನುತ್ತಾರೆ. ಸರಕಾರಿ ಲೆಕ್ಕದಲ್ಲಿ ಈಗ 48.

ರೈಲಿನ ದಾರಿ ಹೀಗೆ ನೇರವಿಲ್ಲ. ಕೊಲ್ಹಾಪುರದಿಂದ ಹಾತಕಣಂಗಲೆ, ಜಯಸಿಂಗಪುರ ಹಾಯ್ದು ಮೊದಲು ಪೂರ್ವಕ್ಕೆ ಮಿರಜಕ್ಕೆ ಬರಬೇಕು. ಅಲ್ಲಿಂದ ತೆಂಕಣಕ್ಕೆ ತಿರುಗಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಘಟಪ್ರಭಾ, ಬೆಳಗಾವಿ. ಬೆಳಗಾವಿಯಿಂದ ಖಾನಾಪುರದ ಅಡವಿ ಹೊಕ್ಕು ಲೋಂಡಾಕ್ಕೆ ಇಳಿದು, ಅಳ್ನಾವರದ ಮೇಲೆ ಸುತ್ತಿ ಧಾರವಾಡ ಸೇರಬೇಕು. ಎಲ್ಲ ಕೂಡಿ 800 ಕಿಲೋಮೀಟರ್ ಹತ್ತಿರ ಹತ್ತಿರ. ಗಾಡಿಯ ಹೆಸರು ರಾಣಿ ಚೆನ್ನಮ್ಮ. ಆದರೆ ಅದು ಕಿತ್ತೂರಿನ ಮೇಲೆ ಹೋಗುವುದಿಲ್ಲ. ಕಿತ್ತೂರಿನ ಮೇಲೆ ಬೆಳಗಾವಿ-ಧಾರವಾಡ ನೇರ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ 73 ಕಿಲೋಮೀಟರಿನ ಆ ಹಳಿಗೆ ಜೀವ ಬಂತು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಅವರನ್ನು ಒಯ್ದಿತು. ಆ ಹಳಿಯ ಮೇಲೆ ಗಾಡಿ ಓಡುವುದನ್ನು ನಾವು ಇನ್ನೂ ನೋಡಬೇಕಾಗಿದೆ.

ಹೀಗೆ ಸುಮಾರು ಇನ್ನೂರು ಕಿಲೋಮೀಟರ್ ಸುತ್ತು ಇರುವ ದಾರಿ, ನೇರ ದಾರಿಗೆ ಸಾಟಿಯೇ ಎಂದು ಯಾರಾದರೂ ಕೇಳಬಹುದು. ನೋಡೋಣ.

ಬಸ್ಸಿನ ಗುಣ, ಬಸ್ಸಿನ ದೋಷ

ಬಸ್ಸಿನ ಗುಣ ಮೊದಲು ಹೇಳುತ್ತೇನೆ. ಸಂಜೆ ದನಕ್ಕೆ ಮೇವು ಹಾಕಿ, ಊಟ ಮಾಡಿ, ಕೊಲ್ಹಾಪುರದ ತಾವಡೆ ಹೋಟೆಲಿನ ಹತ್ತಿರ ನಿಂತರೆ ರಾತ್ರಿ ಬಸ್ಸು ಸಿಗುತ್ತದೆ. ಹತ್ತು ಹನ್ನೆರಡು ತಾಸಿಗೆ ಬೆಂಗಳೂರು. ಹಗಲು ಹಾಳಾಗುವುದಿಲ್ಲ. ಅಂಗಡಿಕಾರನಿಗೆ, ಒಕ್ಕಲಿಗನಿಗೆ ಹಗಲೇ ರೊಕ್ಕ. ಇಚಲಕರಂಜಿಯ ಬಟ್ಟೆ ವ್ಯಾಪಾರಿ ರಾತ್ರಿ ಹತ್ತಿದರೆ ಮರುದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಚಿಕ್ಕಪೇಟೆಯಲ್ಲಿರುತ್ತಾನೆ, ಕೆಲಸ ಮುಗಿಸಿ ಅದೇ ರಾತ್ರಿ ಹೊರಟು ಬರುತ್ತಾನೆ. ಈ ವಿಷಯದಲ್ಲಿ ಬಸ್ಸಿಗೆ ಸರಿಸಾಟಿ ಇಲ್ಲ.

ಇನ್ನು ದೋಷ. ಖಾಸಗಿ ಸ್ಲೀಪರ್ ಬಸ್ಸಿನ ದರಕ್ಕೆ ತಳವೂ ಇಲ್ಲ, ಮಾಡೂ ಇಲ್ಲ. ದೀಪಾವಳಿ, ಯುಗಾದಿ ಬಂತೆಂದರೆ ಒಂದಕ್ಕೆ ಎರಡು. ಹಬ್ಬವಿಲ್ಲದ ದಿನವೂ ರೈಲಿನ ಸ್ಲೀಪರ್ ತಿಕೀಟಿನ ಎರಡು ಪಟ್ಟಿಗಿಂತ ಹೆಚ್ಚೇ ಬೀಳುತ್ತದೆ. ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆಯವರು ರಾತ್ರಿಯೆಲ್ಲ ಯಾವ ಢಾಬಾದ ಮುಂದೆ ಬಸ್ಸು ನಿಂತೀತು ಎಂದು ಕಾಯಬೇಕು. ಒಮ್ಮೆ ನಾನು ಹತ್ತಿದ ಖಾಸಗಿ ಬಸ್ಸು ಹಿರಿಯೂರಿನ ಈಚೆ ಕೆಟ್ಟು ನಿಂತಿತು. ಬೇರೆ ಬಸ್ಸು ಬರುತ್ತದೆ ಎಂದು ಹೇಳಿ ಕ್ಲೀನರ್ ಫೋನು ಬಂದ್ ಮಾಡಿ ಮಲಗಿಬಿಟ್ಟ. ಬೆಳಗಿನ ಮೂರು ಗಂಟೆಗೆ, ಕೂಸು ಎತ್ತಿಕೊಂಡ ತಾಯಂದಿರು ಹೆದ್ದಾರಿಯ ಬದಿಗೆ ನಿಂತು ಕೈ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ದೊಡ್ಡದು ಜೀವದ ಭಯ. 2013ರ ಅಕ್ಟೋಬರ್ ಕೊನೆಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಖಾಸಗಿ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಎರಡು ವಾರ ಕಳೆದಿತ್ತಷ್ಟೇ, ನಮ್ಮದೇ ಹೆದ್ದಾರಿಯಲ್ಲಿ, ಹಾವೇರಿ ಹತ್ತಿರ, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸಿಗೆ ಬೆಂಕಿ ಬಿದ್ದು ಏಳು ಜನ ಹೋದರು. 2025ರ ಅಕ್ಟೋಬರಿನಲ್ಲಿ ಕರ್ನೂಲು ಹತ್ತಿರ ಮತ್ತೆ ಅದೇ ಕಥೆ. ಎಲ್ಲ ಬಸ್ಸೂ ಉರಿಯುವುದಿಲ್ಲ, ಒಪ್ಪಿದೆ. ಆದರೆ ಮಲಗುವ ಬಸ್ಸಿನಲ್ಲಿ ತುರ್ತು ಬಾಗಿಲು ಎಲ್ಲಿದೆ ಎಂದು ನೋಡಿಕೊಂಡು ಮಲಗುವವರು ನಮ್ಮಲ್ಲಿ ಎಷ್ಟು ಜನ?

ಸರಕಾರಿ ಬಸ್ಸು ಈ ಮಟ್ಟಿಗೆ ಮೇಲು. ದರ ಗೊತ್ತಿರುತ್ತದೆ, ಚಾಲಕನಿಗೆ ಜವಾಬುದಾರಿ ಇರುತ್ತದೆ, ಇಳಿಯುವುದು ಮೆಜೆಸ್ಟಿಕ್ಕಿನ ಹತ್ತಿರ. ಆದರೆ ಅಲ್ಲಿಯೂ ಗಡಿ ಬರುತ್ತದೆ.

ಅರ್ಧ ತಿಕೀಟು ಮುಗಿಯುವ ಜಾಗ

2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ತಿಕೀಟು. ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ. ಆ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗೆ ಸಾಮಾನ್ಯ ಬಸ್ಸಿನಲ್ಲಿ ತಿಕೀಟೇ ಇಲ್ಲ. ಎರಡೂ ಒಳ್ಳೆಯ ಕೆಲಸ. ಆದರೆ ಎರಡೂ ಗಡಿಗೆ ಬಂದು ನಿಲ್ಲುತ್ತವೆ. ನಮ್ಮೂರಿನ ಹೆಣ್ಣುಮಗಳು ನಿಪ್ಪಾಣಿಗೆ ಕೊಟ್ಟ ತಂಗಿಯ ಮನೆಗೆ ಹೊರಟರೆ ಕಾಗಲದ ಆಚೆಗೆ ಅರ್ಧ ಹೋಗಿ ಪೂರ್ತಿ ಆಗುತ್ತದೆ. ತಂಗಿ ಅಕ್ಕನ ಮನೆಗೆ ಬರಬೇಕೆಂದರೆ ಆಧಾರ್ ಕಾರ್ಡು ತೋರಿಸಿದರೂ ಗಡಿ ದಾಟುವ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಒಬ್ಬಳಿಗೆ ಪುಣೆ ಅಗ್ಗ, ಇನ್ನೊಬ್ಬಳಿಗೆ ಬೆಂಗಳೂರು ಪುಕ್ಕಟೆ, ಒಬ್ಬರ ಮನೆ ಒಬ್ಬರಿಗೆ ತುಟ್ಟಿ!

ತಿಕೀಟಿನ ಮಾತು ಹೋಗಲಿ, ಬಸ್ಸೇ ನಿಂತ ದಿನಗಳ ಲೆಕ್ಕ ಹಾಕೋಣ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲಿನ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಆ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು, ಬಸ್ಸು ನಿಂತವು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಕರ್ನಾಟಕದ ಕಂಡಕ್ಟರಿಗೆ ಹೊಡೆದರು. ಚಿತ್ರದುರ್ಗದ ಹತ್ತಿರ ಮಹಾರಾಷ್ಟ್ರದ ಎಸ್‌ಟಿ ಚಾಲಕನ ಮುಖಕ್ಕೆ ಮಸಿ ಬಳಿದರು. ಮತ್ತೆ ಬಸ್ಸು ನಿಂತವು. ಎರಡೂ ಕಡೆ ಪೆಟ್ಟು ತಿಂದವರು ಯಾರು? ಪಗಾರಕ್ಕೆ ದುಡಿಯುವ ಕಂಡಕ್ಟರ್, ಡ್ರೈವರ್. ದಾರಿಯಲ್ಲಿ ಸಿಕ್ಕಿಬಿದ್ದವರು ಯಾರು? ದವಾಖಾನೆಗೆ, ಪರೀಕ್ಷೆಗೆ, ಲಗ್ನಕ್ಕೆ ಹೊರಟ ನಾವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತು ನಮ್ಮನ್ನು ನೋಡಿಯೇ ಹುಟ್ಟಿದ್ದಿರಬೇಕು.

ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದು ಅಲ್ಲಿ ತೀರಲಿ. ಅದರ ತೀರ್ಪನ್ನು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸಿನ ಗಾಜಿನ ಮೇಲೆ ಬರೆಯುವ ಅಧಿಕಾರ ಯಾರಿಗೂ ಇಲ್ಲ.

ರಸ್ತೆ ನಿಲ್ಲಿಸುವವರು ಭಾಷೆಯವರಷ್ಟೇ ಅಲ್ಲ ಎಂಬುದನ್ನೂ ಹೇಳಲೇಬೇಕು. ಜಯಸಿಂಗಪುರದಲ್ಲಿ ವರ್ಷ ವರ್ಷ ಊಸ್ ಪರಿಷತ್ತು ಕೂಡುತ್ತದೆ; ಕಬ್ಬಿನ ದರ ತಡವಾದರೆ ನಾವೂ ಚಕ್ಕಾ ಜಾಮಿಗೆ ಕೂಡುವವರೇ. ಮಳೆರಾಯನೂ ಸುಮ್ಮನಿರುವುದಿಲ್ಲ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಪಂಚಗಂಗೆ, ವೇದಗಂಗೆ ಉಕ್ಕಿ ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಸಾಲು ಸಾಲು ಲಾರಿಗಳಲ್ಲಿ ಮಾಲು ಕೊಳೆಯಿತು. ಅಂಥ ಮಹಾಪೂರದ ಮುಂದೆ ರೈಲೂ ನಿಲ್ಲಲಿಲ್ಲ, ಅದನ್ನೂ ಒಪ್ಪುತ್ತೇನೆ. ಕೋವಿಡ್ ಕಾಲದಲ್ಲಿ ಕೊಗನೋಳಿ ನಾಕಾದಲ್ಲಿ ಆರ್‌ಟಿ-ಪಿಸಿಆರ್ ಚೀಟಿ ಇಲ್ಲದೆ ತಿರುಗಿ ಕಳಿಸಿದ್ದು ಇನ್ನೂ ಹಲವರ ನೆನಪಿನಲ್ಲಿದೆ.

ಸ್ವಂತ ಗಾಡಿ ಇದ್ದವರು ಆರಾಮ ಎಂದುಕೊಳ್ಳುತ್ತೇವೆ. ನಾಲ್ಕು ಜನ ಕೂಡಿ ಹೋದರೆ ಡೀಸೆಲ್ ರೊಕ್ಕ ಹಂಚಿಹೋಗುತ್ತದೆ, ನಿಜ. ಆದರೆ ಟೋಲುಗಳ ಸಾಲು ಇದೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಇಲ್ಲದವನಿಗೆ ಹೆಚ್ಚಿನ ದಂಡ. ಆರು ಪಥದ ಕಾಮಗಾರಿ ಇದ್ದಲ್ಲೆಲ್ಲ ಅಡ್ಡದಾರಿ, ಧೂಳು. ತಂಟೆಯ ದಿನ ನಂಬರ್ ಪ್ಲೇಟಿನ ಮೇಲಿನ ಎರಡು ಅಕ್ಷರವೇ ವೈರಿ. ಹತ್ತು ತಾಸು ಓಡಿಸಿದವನು ಬೆಂಗಳೂರು ಮುಟ್ಟಿದ ಮೇಲೆ ಮತ್ತೊಂದು ಊರಿಗೆ ಹೋದಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ ಕೂಡಬೇಕು.

ಹಾರುವ ದಾರಿ

ವಿಮಾನವನ್ನು ಬೈಯುವವನಲ್ಲ ನಾನು. ಕೊಲ್ಹಾಪುರದ ಉಜಳಾಯಿವಾಡಿಯಲ್ಲಿ ರಾಜಾರಾಮ ಮಹಾರಾಜರ ಕಾಲದಿಂದಲೇ ವಿಮಾನ ನಿಲ್ದಾಣ ಇದೆ. ಉಡಾನ್ ಯೋಜನೆ ಬಂದ ಮೇಲೆ, 2018ರ ಕೊನೆಗೆ, ಇಲ್ಲಿಂದ ಹೈದರಾಬಾದಿಗೂ ಬೆಂಗಳೂರಿಗೂ ಸಣ್ಣ ವಿಮಾನ ಹಾರಿತು. ಆಮೇಲೆ ಒಂದು ಕಂಪನಿ ಬಿಟ್ಟಿತು, ಇನ್ನೊಂದು ಬಂತು. ಬೆಳಗಾವಿಯ ಸಾಂಬ್ರಾದಿಂದಲೂ ಬೆಂಗಳೂರಿಗೆ ವಿಮಾನ ಉಂಟು. ಆಕಾಶದಲ್ಲಿ ಇರುವುದು ಒಂದೂವರೆ ತಾಸಿನ ಒಳಗೆ.

ಆದರೆ ಹೊಸ್ತಿಲಿನಿಂದ ಹೊಸ್ತಿಲಿಗೆ ಲೆಕ್ಕ ಹಾಕಿರಿ. ದಾನೋಳಿಯಿಂದ ಉಜಳಾಯಿವಾಡಿಗೆ ಒಂದು ತಾಸಿನ ಮೇಲೆ. ಹಾರುವ ಮುಂಚೆ ಒಂದೂವರೆ ಎರಡು ತಾಸು ಅಲ್ಲಿರಬೇಕು. ಇಳಿಯುವುದು ದೇವನಹಳ್ಳಿಯಲ್ಲಿ, 2008ರಿಂದ ಬೆಂಗಳೂರಿನ ವಿಮಾನ ನಿಲ್ದಾಣ ಅಲ್ಲಿಯೇ. ಅಲ್ಲಿಂದ ಊರೊಳಗೆ ಬರಲು ಮತ್ತೆ ಒಂದೂವರೆ ತಾಸು. ಎಲ್ಲ ಕೂಡಿ ಐದಾರು ತಾಸು, ಅದೂ ಹಗಲಿನ ತಾಸು. ಸಾಮಾನು ಸಾಮಾನ್ಯವಾಗಿ 15 ಕಿಲೊ, ಕೈಚೀಲ 7 ಕಿಲೊ. ಮಗಳ ಮನೆಗೆ ಜೋಳದ ಹಿಟ್ಟು, ಬೆಲ್ಲದ ಪೆಂಟೆ, ಶೇಂಗಾ ಚಟ್ನಿ ಒಯ್ಯುವ ತಾಯಿಗೆ ಈ ಅಳತೆ ಸಾಲುವುದಿಲ್ಲ. ಕೋರ್ಟಿನ ತಾರೀಖು, ಜೀವದ ಮೇಲೆ ಬಂದ ರೋಗ, ದೊಡ್ಡ ವ್ಯವಹಾರ, ಇವಕ್ಕೆ ವಿಮಾನ ಸರಿ. ಎಲ್ಲರಿಗೂ, ಎಲ್ಲ ದಿನಕ್ಕೂ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ!

ರೈಲು, ಮತ್ತು ಮಿರಜದ ಮುರುಕು

ಇನ್ನು ರೈಲು. ರಾಣಿ ಚೆನ್ನಮ್ಮ ಗಾಡಿ ಮಿರಜವನ್ನು ಮಧ್ಯಾಹ್ನದ ಮೇಲೆ ಬಿಟ್ಟು ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ತಿರುಗಿ ಬರುವಾಗ ರಾತ್ರಿ ಹೊರಟರೆ ಮಿರಜಕ್ಕೆ ಮರುದಿನ ಮಧ್ಯಾಹ್ನ. ಹಾಗೆಂದರೆ ಹೋಗುವಾಗ ಅರ್ಧ ಹಗಲು, ಬರುವಾಗ ಅರ್ಧ ಹಗಲು ಖರ್ಚು. ಇದು ರೈಲಿನ ದೊಡ್ಡ ದೋಷ, ಮುಚ್ಚಿಡುವುದಿಲ್ಲ. ಇನ್ನೊಂದು, ಮೊದಲೇ ತಿಕೀಟು ಮಾಡಿಸದಿದ್ದರೆ ವೇಟಿಂಗ್ ಲಿಸ್ಟು. 2024ರ ನವೆಂಬರಿನಿಂದ ಮುಂಗಡ ತಿಕೀಟಿನ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ನೆನಪಿಡಬೇಕು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ತೆಗೆದವರು ಮರಳಿ ಕೊಟ್ಟಿಲ್ಲ.

ಇಷ್ಟಿದ್ದರೂ ನನ್ನ ತಕ್ಕಡಿ ರೈಲಿನ ಕಡೆಗೇ ತೂಗುತ್ತದೆ. ಸ್ಲೀಪರಿನಲ್ಲಿ ಒಬ್ಬನಿಗೆ 40 ಕಿಲೊ ಸಾಮಾನು ಬಿಟ್ಟಿ. ಮುದುಕರು ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಶೌಚಾಲಯ ಇದೆ, ಬೆನ್ನಿಗೆ ಆರಾಮ. ಮೆಣಸಿನಕಾಯಿ, ಬೆಲ್ಲದ ಸ್ಯಾಂಪಲ್ ಒಯ್ಯುವ ವ್ಯಾಪಾರಿ ಯಶವಂತಪುರದಲ್ಲಿ ಇಳಿದರೆ ಎಪಿಎಂಸಿ ಅಲ್ಲೇ ಹತ್ತಿರ. ಬೆಂಗಳೂರು ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು, ಮೆಟ್ರೊ. ದರ ಎಲ್ಲಕ್ಕಿಂತ ಕಡಿಮೆ. ಮತ್ತು ಮುಖ್ಯವಾದ ಮಾತು: 2022ರಲ್ಲಿ, 2025ರಲ್ಲಿ ಬಸ್ಸು ನಿಂತ ದಿನಗಳಲ್ಲೂ ಹಳಿಯ ಮೇಲಿನ ಗಾಡಿ ನಡೆದೇ ಇತ್ತು. ರೈಲಿಗೆ ಎಂಎಚ್ ಇಲ್ಲ, ಕೆಎ ಇಲ್ಲ. ಶೇಡಬಾಳ ಬಂತೆಂದರೆ ರಾಜ್ಯ ಬದಲಾಯಿತು ಎಂದು ಗಾಡಿಯೊಳಗಿನ ಯಾರಿಗೂ ತಿಳಿಯುವುದಿಲ್ಲ. ಚಹಾ ಮಾರುವವನ ಮಾತು ಮರಾಠಿಯಿಂದ ಕನ್ನಡಕ್ಕೆ ಹೊರಳಿದಾಗಲೇ ಗೊತ್ತು. ಆ ದಾರಿಯಲ್ಲಿ ಬೆಂಗಳೂರಿಗೆ ಹೋಗುವವರು ಮಾತ್ರ ಇಲ್ಲ. ರಾಯಬಾಗ, ಕುಡಚಿ, ಉಗಾರದ ರೋಗಿಗಳು ಮಿರಜದ ದವಾಖಾನೆಗಳಿಗೆ ಬರುವುದೂ ಅದೇ ಹಳಿಯ ಮೇಲೆ. 1894ರಲ್ಲಿ ವಾನ್ಲೆಸ್ ಡಾಕ್ಟರು ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ ಎರಡೂ ಭಾಷೆಯವರ ಊರು.

ರೈಲಿಗೆ ಗಡಿ ಇಲ್ಲ ಎಂದೆ. ಆದರೆ ಒಂದು ಗಡಿ ಇದೆ. ಅದು ರಾಜ್ಯದ್ದಲ್ಲ, ರೈಲ್ವೆಯದು; ಬಿದ್ದಿರುವುದು ಮಿರಜದಲ್ಲಿ. ಕೊಲ್ಹಾಪುರದಿಂದ ಮಿರಜದವರೆಗೆ ಮಧ್ಯ ರೈಲ್ವೆಯ ಪುಣೆ ವಿಭಾಗ. ಮಿರಜದಿಂದ ಲೋಂಡಾ ಕಡೆಗೆ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗ.

ಇದರ ಹಿಂದೆ ಹಳೆಯ ಕಥೆ ಇದೆ. ಕೊಲ್ಹಾಪುರ ಸಂಸ್ಥಾನಕ್ಕೆ ರೈಲು ಬಂದದ್ದು 1891ರಲ್ಲಿ, ಶಾಹೂ ಮಹಾರಾಜರ ಕಾಲಕ್ಕೆ. ಅದೇ ಹಳಿಯ ಬದಿಗೆ 1917ರ ಸುಮಾರಿಗೆ ಅವರು ತಮ್ಮ ತಂದೆಯ ಹೆಸರಿನಲ್ಲಿ ಜಯಸಿಂಗಪುರ ಪೇಟೆ ಕಟ್ಟಿಸಿದರು. ವ್ಯಾಪಾರ ಬೆಳೆಯಬೇಕಾದರೆ ಗಾಡಿ ಬೇಕು ಎಂಬುದು ಆ ದೊರೆಗೆ ಗೊತ್ತಿತ್ತು. 1970ರ ಸುಮಾರಿಗೆ ಪುಣೆ-ಮಿರಜ-ಕೊಲ್ಹಾಪುರ ಹಳಿ ಅಗಲವಾಯಿತು. ಬೆಂಗಳೂರು ಕಡೆಯದು ಮೀಟರ್‌ಗೇಜ್ ಆಗಿಯೇ ಉಳಿಯಿತು. ಪಂಢರಪುರ ಕಡೆಯದು ಅದಕ್ಕಿಂತ ಸಣ್ಣದು. ಮೂರು ಅಳತೆಯ ಹಳಿ ಒಂದೇ ನಿಲ್ದಾಣದಲ್ಲಿ! ನಾನು ಹುಡುಗನಿದ್ದಾಗ ಬೆಂಗಳೂರಿಗೆ ಹೊರಟವರು ಮಿರಜದಲ್ಲಿ ಇಳಿದು, ಟ್ರಂಕು ತಲೆಯ ಮೇಲೆ ಹೊತ್ತು, ಮೇಲುಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿಗೆ ಓಡಬೇಕಿತ್ತು. 1990ರ ದಶಕದಲ್ಲಿ ಬೆಂಗಳೂರಿನ ಹಳಿಯೂ ಅಗಲವಾಯಿತು. ಮುಂದೆ ರಾಣಿ ಚೆನ್ನಮ್ಮ ನೇರವಾಗಿ ಕೊಲ್ಹಾಪುರಕ್ಕೆ ಬಂತು. ಹಳಿ ಒಂದಾಯಿತು, ಜನರ ಓಟ ತಪ್ಪಿತು ಎಂದು ಹಿಗ್ಗಿದೆವು.

2020ರಲ್ಲಿ ಕೋವಿಡ್ ಬಂದು ಎಲ್ಲ ಗಾಡಿ ನಿಂತವು. ರೋಗ ತಗ್ಗಿದ ಮೇಲೆ ಗಾಡಿ ಮರಳಿ ಓಡಿತು, ಆದರೆ ಮಿರಜದವರೆಗೆ ಮಾತ್ರ. ಆಮೇಲೆ ಅದನ್ನು ಸಾಂಗ್ಲಿಯವರೆಗೆ ಮುಂದುವರಿಸಿದರು, ಒಳ್ಳೆಯದಾಯಿತು. ನಮ್ಮ ದಾನೋಳಿಗೆ ಸಾಂಗ್ಲಿ ದೂರವಲ್ಲ, ವಾರಣೆ ದಾಟಿದರೆ ಆ ಜಿಲ್ಲೆಯೇ. ಆದರೆ ಕೊಲ್ಹಾಪುರ ಶಹರಕ್ಕೆ, ಇಚಲಕರಂಜಿಯ ಮಗ್ಗದವರಿಗೆ, ಹಾತಕಣಂಗಲೆ, ಜಯಸಿಂಗಪುರದ ವ್ಯಾಪಾರಿಗಳಿಗೆ ಇದ್ದ ಗಾಡಿ ಹೋಯಿತು. ಇಚಲಕರಂಜಿಗೆ ಸ್ವಂತ ರೈಲು ನಿಲ್ದಾಣ ಕೂಡ ಇಲ್ಲ. ಹಾತಕಣಂಗಲೆಯೇ ಅವರ ನಿಲ್ದಾಣ. ಕೊಲ್ಹಾಪುರ-ಮಿರಜ ನಡುವಿನ ದೂರ 48 ಕಿಲೋಮೀಟರ್ ಮಾತ್ರ. 800ರಲ್ಲಿ 48 ಕಡಿಮೆಯಾದರೆ ಏನು ಮಹಾ ಎನ್ನಬೇಡಿ. ಆ 48 ಕಿಲೋಮೀಟರಿಗಾಗಿ ಮತ್ತೆ ಟ್ರಂಕು ಹೊತ್ತು ಮಿರಜದಲ್ಲಿ ಇಳಿಯುವಂತಾಗಿದೆ. ಅಂದು ಹಳಿಯ ಅಗಲ ಅಡ್ಡ ಬಂದಿತ್ತು, ಇಂದು ಕಚೇರಿಯ ಎಲ್ಲೆ.

ಕೊಲ್ಹಾಪುರ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮು ಸಾಲದು, ಗಾಡಿ ನಿಲ್ಲಿಸಲು ಜಾಗವಿಲ್ಲ, ಮಿರಜದವರೆಗೆ ಒಂಟಿ ಹಳಿ ಎಂಬ ಮಾತು ಕೇಳಿಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅದೇ ಒಂಟಿ ಹಳಿಯ ಮೇಲೆ ಹರಿಪ್ರಿಯಾ ಗಾಡಿ ಕೊಲ್ಹಾಪುರದಿಂದ ತಿರುಪತಿಗೆ ನಡೆದಿದೆ. ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ, ಗುಂತಕಲ್ ಮೇಲೆ ಹೋಗುವ ಆ ಗಾಡಿ ನನಗೆ ಬಹಳ ಬೇಕಾದದ್ದು. ಗುಂತಕಲ್ ಕಡೆಯ ನನ್ನ ಅತ್ತೆ ಫೋನಿನಲ್ಲಿ "ಎಪ್ಪುಡೊಸ್ತಾವು ರಾ?" ಎಂದು ಕೇಳಿದರೆ, ಯಾವಾಗ ಬರುತ್ತೀಯೋ ಎಂದರೆ, ಹರಿಪ್ರಿಯಾ ಹತ್ತಿ ಬರುತ್ತೇನೆ ಎಂದು ಧೈರ್ಯದಿಂದ ಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಕೊಲ್ಹಾಪುರ-ಪುಣೆ ವಂದೇ ಭಾರತ್ ಗಾಡಿಯೂ ಬಂತು. ಹೊಸ ಗಾಡಿಗೆ ಜಾಗ ಸಿಗುತ್ತದೆ ಎಂದ ಮೇಲೆ, ಹಳೆಯ ಗಾಡಿಗೆ ಮಾತ್ರ ಜಾಗವಿಲ್ಲ ಎಂದರೆ ಒಪ್ಪುವುದು ಹೇಗೆ?

ನಾವು ಕೇಳಬೇಕಾದ್ದು

ಕೇಳುವುದು ಮೂರೇ ಮಾತು.

ಒಂದು, ರಾಣಿ ಚೆನ್ನಮ್ಮ ಗಾಡಿ ಜಯಸಿಂಗಪುರ, ಹಾತಕಣಂಗಲೆ ನಿಲುಗಡೆ ಸಮೇತ ಕೊಲ್ಹಾಪುರಕ್ಕೆ ಮರಳಬೇಕು. ಸಾಂಗ್ಲಿಯವರ ಗಾಡಿ ಕಿತ್ತು ನಮಗೆ ಕೊಡಿ ಎಂದು ನಾನು ಕೇಳುವುದಿಲ್ಲ, ಅವರೂ ನಮ್ಮವರೇ. ಒಂದೇ ಗಾಡಿಗೆ ಎರಡೂ ಊರು ಮುಟ್ಟಲು ಆಗದಿದ್ದರೆ, ಕೊಲ್ಹಾಪುರದಿಂದ ಮಿರಜಕ್ಕೆ ಆ ಗಾಡಿಯ ಹೊತ್ತಿಗೆ ಕೂಡುವಂತೆ ಒಂದು ಲೋಕಲ್ ಗಾಡಿ ಇಡಲಿ, ಎರಡಕ್ಕೂ ಒಂದೇ ತಿಕೀಟು ಇರಲಿ, ಒಂದು ತಡವಾದರೆ ಇನ್ನೊಂದು ಕಾಯಲಿ. ಇದಕ್ಕೆ ಹೊಸ ಹಳಿ ಬೇಡ. ಪುಣೆಯ ವಿಭಾಗದವರು, ಹುಬ್ಬಳ್ಳಿಯ ವಿಭಾಗದವರು ಒಂದು ಮೇಜಿನ ಎರಡು ಬದಿಗೆ ಕೂತರೆ ಸಾಕು.

ಎರಡು, ಹೆಣ್ಣುಮಕ್ಕಳ ತಿಕೀಟಿನ ಸವಲತ್ತು ಗಡಿಯ ಆಚೆಗೂ ಒಂದಿಷ್ಟು ದೂರ ನಡೆಯುವಂತೆ ಎರಡೂ ಸಾರಿಗೆ ಸಂಸ್ಥೆಗಳು ಒಪ್ಪಂದ ಮಾಡಿಕೊಳ್ಳಲಿ. ಕೊಲ್ಹಾಪುರದವಳಿಗೆ ಬೆಳಗಾವಿವರೆಗೆ, ಬೆಳಗಾವಿಯವಳಿಗೆ ಕೊಲ್ಹಾಪುರದವರೆಗೆ ಸಿಕ್ಕರೆ ಎಷ್ಟೋ ತವರು ಹತ್ತಿರವಾಗುತ್ತವೆ.

ಮೂರು, ಬಸ್ಸು ನಿಲ್ಲಿಸುವುದು ಮೊದಲ ಉಪಾಯ ಆಗಬಾರದು. ತಂಟೆ ಎದ್ದ ತಕ್ಷಣ ಎರಡೂ ಕಡೆಯ ಅಧಿಕಾರಿಗಳು ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಾರೆ. ಪೊಲೀಸ್ ಕಾವಲಿನಲ್ಲಿ ದಿನಕ್ಕೆ ನಾಲ್ಕಾದರೂ ಬಸ್ಸು ದಾಟಿಸಲಿ. ಮಸಿ ಬಳಿದವನ ಭಾಷೆ ಯಾವುದೇ ಇರಲಿ, ಅವನ ಮೇಲೆ ಕೇಸು ನಡೆಯಲಿ.

ಇವು ಆಗುವ ತನಕ ನಾನು ಕೇಳಿದವರಿಗೆ ಹೇಳುವುದು ಇಷ್ಟು. ಗಡಹಿಂಗ್ಲಜದವರಿಗೆ ಸಂಕೇಶ್ವರ ಹತ್ತಿರ, ಹೆದ್ದಾರಿ ಅಲ್ಲೇ. ಅವರಿಗೆ ಬಸ್ಸು ಸರಿ. ಇಲ್ಲವೆ ಬೆಳಗಾವಿಗೆ ಹೋಗಿ ಅಲ್ಲಿಂದ ರಾತ್ರಿ ಹೊರಡುವ ಬೆಂಗಳೂರು ಗಾಡಿ ಹಿಡಿಯಲಿ. 2025ರ ಆಗಸ್ಟಿನಿಂದ ಬೆಳಗಾವಿ-ಬೆಂಗಳೂರು ವಂದೇ ಭಾರತ್ ಕೂಡ ಇದೆ. ನಸುಕಿನಲ್ಲಿ ಹೊರಡುತ್ತದೆ, ಹಿಂದಿನ ರಾತ್ರಿ ಬೆಳಗಾವಿಯಲ್ಲಿ ನೆಂಟರಿದ್ದವರಿಗೆ ಅನುಕೂಲ. ಜಯಸಿಂಗಪುರ, ದಾನೋಳಿ, ಕುರುಂದವಾಡದವರು ಮಿರಜವನ್ನೇ ನಂಬಲಿ. ರಾಣಿ ಚೆನ್ನಮ್ಮದಲ್ಲಿ ಜಾಗ ಸಿಗದಿದ್ದರೆ ರಾಜಸ್ಥಾನದ ಕಡೆಯಿಂದ ಬೆಂಗಳೂರಿಗೆ ಹೋಗುವ ಕೆಲವು ಗಾಡಿಗಳು ವಾರದಲ್ಲಿ ಕೆಲವು ದಿನ ಮಿರಜದ ಮೇಲೆ ಹಾಯುತ್ತವೆ, ವಿಚಾರಿಸಲಿ. ಕೊಲ್ಹಾಪುರ, ಇಚಲಕರಂಜಿಯವರು ಮುದುಕರು, ಸಾಮಾನು ಇದ್ದರೆ ಹರಿಪ್ರಿಯಾ ಹತ್ತಿ ಹುಬ್ಬಳ್ಳಿಗೆ ಹೋಗಲಿ, ಅಲ್ಲಿಂದ ರಾತ್ರಿ ಗಾಡಿಗಳಿವೆ. ಒಬ್ಬರೇ ಇದ್ದು ಒಂದು ದಿನದ ಕೆಲಸವಾದರೆ ಸರಕಾರಿ ರಾತ್ರಿ ಬಸ್ಸು. ಖಾಸಗಿ ಬಸ್ಸು ಹತ್ತಿದರೆ ತುರ್ತು ಬಾಗಿಲು ನೋಡಿಕೊಂಡು ಮಲಗಿರಿ. ಎಲ್ಲಿಗೇ ಹೋಗಲಿ, ತಾಸಿನ ಜತೆಗೆ ಯಾವ ತಾಸು ಎಂದೂ ಎಣಿಸಿರಿ. ಗಾಡಿಯಲ್ಲಿ ನಿದ್ದೆ ಮಾಡಿದ ಹತ್ತು ತಾಸು ಖರ್ಚಲ್ಲ, ಎಚ್ಚರಿದ್ದು ಕಾಯ್ದ ಮೂರು ತಾಸು ಖರ್ಚು.

ಕೊನೆಗೆ ಓದುಗ ಬಂಧುಗಳಿಗೆ ಒಂದು ವಿನಂತಿ. ಕಬ್ಬಿನ ದರಕ್ಕೆ ನಾವು ಕೂಗುತ್ತೇವೆ, ಕರೆಂಟಿಗೆ ಕೂಗುತ್ತೇವೆ, ವಾರಣೆಯ ನೀರಿಗೆ ಕೂಗುತ್ತೇವೆ. ಗಾಡಿಗೆ ಮಾತ್ರ ಕೂಗಿಲ್ಲ. ಅದು ತಾನಾಗಿ ಬಂದಿತ್ತು, ತಾನಾಗಿ ಹೋಯಿತು ಎಂಬಂತೆ ಸುಮ್ಮನಿದ್ದೇವೆ. ಜಯಸಿಂಗಪುರದ ವ್ಯಾಪಾರಿಗಳು, ಇಚಲಕರಂಜಿಯ ಮಗ್ಗದವರು, ನಮ್ಮ ಗ್ರಾಮ ಪಂಚಾಯತಿಗಳು ಠರಾವು ಪಾಸು ಮಾಡಿ ಒಂದೊಂದು ಅರ್ಜಿ ಬರೆಯಲಿ. ಮರಾಠಿಯಲ್ಲಿ ಒಂದು ಪ್ರತಿ ಪುಣೆಗೆ, ಕನ್ನಡದಲ್ಲಿ ಒಂದು ಪ್ರತಿ ಹುಬ್ಬಳ್ಳಿಗೆ. ಎರಡೂ ಭಾಷೆ ಬಲ್ಲವರು ನಾವು. ಆ ಬಲ್ಲವಿಕೆ ಇಂಥ ಕೆಲಸಕ್ಕೆ ಬರದಿದ್ದರೆ ಇನ್ನೆಲ್ಲಿ ಬರಬೇಕು? ಬರೆಯಲು ಕೈ ಬರದವರು ದಾನೋಳಿಗೆ ಬರಲಿ, ಅರ್ಜಿ ನಾನು ಬರೆದುಕೊಡುತ್ತೇನೆ.